ಫೆಲೋಶಿಪ್ ಬಂತೇನೋ?

ಬಿ.ಇ.ಯಲ್ಲಿ ನನ್ನ ಪಕ್ಕ ಕೂರ್ತಿದ್ದ ಗೆಳೆಯ ಈಗ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡ್ತಿದ್ದಾನೆ. ಫೋನ್ ಮಾಡಿದಾಗಲೆಲ್ಲ ನಾನು ಮೊದಲು ಕೇಳೋದು "ಊಟ ಆಯ್ತಾ?" ಅಂತಲ್ಲ, "ಫೆಲೋಶಿಪ್ ಬಂತೇನೋ?" ಅಂತ. ಹೋದ ಸಲ ಕೇಳಿದಾಗ ಐದು ತಿಂಗಳಿಂದ ಬಂದಿರಲಿಲ್ಲ. ಬಾಡಿಗೆಗೆ ಸಾಲ ಬೇಕು ಅನ್ನೋದಕ್ಕೂ ಸಂಕೋಚ ಅವನಿಗೆ. ಕ್ಲಾಸಿಗೇ ಮೊದಲಿಗ ಅವನು. ಅವನ ನೋಟ್ಸ್ ಓದಿ ಪಾಸಾದ ನನಗೆ ಮಾತ್ರ ಒಂದು ತಿಂಗಳೂ ಸಂಬಳ ತಪ್ಪಿಲ್ಲ!

ಸರ್ಕಾರ ಏನೂ ಕೊಡಲ್ಲ ಅಂತ ನಾನು ಹೇಳ್ತಿಲ್ಲ. ಜೆಆರ್‌ಎಫ್ ಮೊತ್ತವನ್ನ 2023ರ ಜನವರಿಯಿಂದ 31,000ದಿಂದ 37,000 ರೂಪಾಯಿಗೆ ಏರಿಸಿದ್ರು. ಸಂತೋಷ. ಆದ್ರೆ ಯಾವತ್ತು ಬರುತ್ತೋ ಗೊತ್ತಿಲ್ಲದ 37,000ಕ್ಕಿಂತ ಒಂದನೇ ತಾರೀಖು ಕೈಸೇರೋ 31,000ವೇ ವಾಸಿ.

ಅದೇ 2023ರಲ್ಲಿ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಷನ್ ಕಾಯ್ದೆ ಬಂತು. ಐದು ವರ್ಷಕ್ಕೆ 50,000 ಕೋಟಿ ಅಂದ್ರು. ಬಿಡಿಸಿ ನೋಡಿದ್ರೆ ಸರ್ಕಾರದ್ದು 14,000 ಕೋಟಿ, ಮಿಕ್ಕ 36,000 ಕೋಟಿ ಉದ್ಯಮಗಳು, ದಾನಿಗಳು ಮುಂತಾದವರಿಂದ ಬರಬೇಕು. ಮುಯ್ಯಿ ನಂಬಿಕೊಂಡು ಛತ್ರ ಬುಕ್ ಮಾಡಿದ ಹಾಗಾಯ್ತು!

"ನಮ್ಮ ತೆರಿಗೆ ದುಡ್ಡಲ್ಲಿ ಇವರು ಕಂಡುಹಿಡಿದಿದ್ದಾದ್ರೂ ಏನು?" ಅಂತ ನಮ್ಮ ಆಫೀಸಿನವರೇ ಕೇಳ್ತಾರೆ. ಸ್ವಾಮಿ, 2020-21ರಲ್ಲಿ ನಮ್ಮ ದೇಶ ಸಂಶೋಧನೆಗೆ ಹಾಕಿದ್ದು ಜಿಡಿಪಿಯ ಶೇ. 0.64. ಚೀನಾ ಶೇ. 2ಕ್ಕಿಂತ ಹೆಚ್ಚು, ದಕ್ಷಿಣ ಕೊರಿಯಾ ಶೇ. 4ಕ್ಕಿಂತ ಹೆಚ್ಚು. ನೀರು ಹಾಕದೆ ತೆಂಗಿನಮರ ಕಾಯಿ ಬಿಡಲಿಲ್ಲ ಅಂತ ಬೈದ್ರೆ ಹೇಗೆ? ಅಷ್ಟಕ್ಕೂ ನಾವು ಸಾಫ್ಟ್‌ವೇರಿನವರು ಅನ್ನ ತಿನ್ನೋದು ಇಂಟರ್ನೆಟ್ಟಿನಿಂದ. ಅದರ ಮೂಲ 1969ರ ಅರ್ಪಾನೆಟ್. ದುಡ್ಡು ಅಮೆರಿಕ ಸರ್ಕಾರದ್ದು, ಮೊದಲ ನಾಲ್ಕು ಕೊಂಡಿಗಳಲ್ಲಿ ಮೂರು ವಿಶ್ವವಿದ್ಯಾಲಯಗಳು. ಅವತ್ತು ಯಾರಾದ್ರೂ "ಇದರಿಂದ ಏನು ಲಾಭ?" ಅಂತ ಫೈಲು ಮುಚ್ಚಿದ್ದಿದ್ರೆ?

ಪ್ರಯೋಗಕ್ಕೆ ಸರ್ಕಾರಿ ಕ್ಯಾಲೆಂಡರ್ ಗೊತ್ತಿಲ್ಲ. ಗ್ರಾಂಟು ತಡ ಆಯ್ತು ಅಂತ ಲ್ಯಾಬಿನ ಜೀವಕೋಶಗಳು ಕಾಯ್ತಾ ಕೂರಲ್ಲ. ಕಾಯೋದು ಮನುಷ್ಯ ಒಬ್ಬನೇ. ಅವನೂ ಒಂದು ದಿನ ಬೇಸತ್ತು ನಮ್ಮ ಕಂಪನಿಗೋ, ಹೊರದೇಶಕ್ಕೋ ಹೊರಟುಬಿಡ್ತಾನೆ. ಆಮೇಲೆ "ಪ್ರತಿಭಾ ಪಲಾಯನ" ಅಂತ ಭಾಷಣ ಬೇರೆ!

ನನ್ನದು ಒಂದೇ ಬೇಡಿಕೆ. ನಾವು ಇನ್‌ಕಮ್ ಟ್ಯಾಕ್ಸ್ ತಡವಾಗಿ ಕಟ್ಟಿದ್ರೆ ಸರ್ಕಾರ ಬಡ್ಡಿ ಹಾಕುತ್ತೆ ತಾನೆ? ಫೆಲೋಶಿಪ್ ತಡವಾದ್ರೂ ಬಡ್ಡಿ ಸೇರಿಸಿ ಕೊಡಲಿ. ಆಗ ಫೈಲು ಹೇಗೆ ಓಡುತ್ತೆ ನೋಡಿ.

ಅಲ್ಲಿಯವರೆಗೆ, ನಿಮಗೂ ಪಿಎಚ್‌ಡಿ ಮಾಡ್ತಿರೋ ಗೆಳೆಯರಿದ್ರೆ ಇವತ್ತೇ ಒಂದು ಫೋನ್ ಮಾಡಿ. "ಥೀಸಿಸ್ ಯಾವಾಗ ಮುಗಿಯುತ್ತೆ?" ಅಂತ ಮಾತ್ರ ಕೇಳಬೇಡಿ.