ಹಾಲು ನಮಗೆ, ಹುಳ ಹೆಂಗಸರಿಗೆ?

ಏಪ್ರಿಲ್ ತಿಂಗಳಲ್ಲಿ ಮೊದಲ ಬೇಸಗೆ ಮಳೆ ಬಂತೆಂದರೆ ಅಡಿಕೆ ಕೃಷಿಕನಿಗೆ ಖುಷಿ. ಎರಡು ದಿನ ಪಂಪು ನಿಲ್ಲಿಸಬಹುದು, ಕರೆಂಟಿಗೆ ಕಾಯುವ ಕೆಲಸ ಇಲ್ಲ. ಆದರೆ ಸುಳ್ಯ, ಬೆಳ್ತಂಗಡಿ ಕಡೆ ರಬ್ಬರ್ ಗುಡ್ಡೆಯ ಬುಡದಲ್ಲಿ ಮನೆ ಇರುವವರನ್ನು ಕೇಳಿ ನೋಡಿ. ಮಳೆ ಬಂದ ಸಂಜೆಯೇ ಅವರ ಮನೆಯ ಹೆಂಗಸರ ಮುಖ ಕಪ್ಪಿಡುತ್ತದೆ. ಯಾಕೆಂದರೆ ಆ ರಾತ್ರಿ ಹುಳ ಬರುತ್ತದೆ.

ನಾವು ಅದನ್ನು ರಬ್ಬರ್ ಹುಳ ಅಂತಲೇ ಕರೆಯುವುದು. ಕೇರಳದವರು ಮುಪ್ಲಿ ವಂಡು ಅನ್ನುತ್ತಾರೆ. ವಿಜ್ಞಾನಿಗಳು ಇಟ್ಟ ಹೆಸರು ಲುಪ್ರಾಪ್ಸ್ ಟ್ರಿಸ್ಟಿಸ್. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಕಪ್ಪು ಬಣ್ಣದ ದುಂಬಿ. ಕಚ್ಚುವುದಿಲ್ಲ, ಚುಚ್ಚುವುದಿಲ್ಲ, ಅಕ್ಕಿ ಬೇಳೆ ತಿನ್ನುವುದಿಲ್ಲ. ಮನೆಯೊಳಗೆ ಮೊಟ್ಟೆಯನ್ನೂ ಇಡುವುದಿಲ್ಲ. ಆದರೆ ಮುಟ್ಟಿದರೆ ವಾಸನೆಯ ರಸ ಬಿಡುತ್ತದೆ, ಚರ್ಮಕ್ಕೆ ತಾಗಿದರೆ ಉರಿ, ಕೆಲವರಿಗೆ ಬೊಕ್ಕೆ. ಮಲಗಿದವರ ಕಿವಿಗೆ ಹೋದರೆ ಕೇಳುವುದೇ ಬೇಡ. ಒಂದು, ಎರಡಾದರೆ ಸಹಿಸಬಹುದಿತ್ತು. ಕೇರಳದಲ್ಲಿ ಅಧ್ಯಯನ ಮಾಡಿದವರು ಒಂದೊಂದು ಮನೆಗೆ 5 ಲಕ್ಷದಿಂದ 40 ಲಕ್ಷದವರೆಗೆ ಬರುತ್ತದೆ ಎಂದು ಲೆಕ್ಕ ಕೊಟ್ಟಿದ್ದಾರೆ. ನೋಡದವರಿಗೆ ಇದು ಉತ್ಪ್ರೇಕ್ಷೆ ಅನ್ನಿಸೀತು. ನಮ್ಮ ಅಟ್ಟ ನೋಡಿದವರಿಗೆ ಅನ್ನಿಸದು.

ನಾನು ಇದನ್ನು ಬರೆಯುವುದು ರಬ್ಬರಿನವರನ್ನು ಬೈಯಲಿಕ್ಕೆ ಅಲ್ಲ. ನಾನೂ ರಬ್ಬರಿನವನೇ. 2008ರಲ್ಲಿ ಗುಡ್ಡೆಯ ಹಳೆ ಗೇರು ಕಡಿದು ಒಂದೂವರೆ ಎಕರೆ ರಬ್ಬರ್ ಹಾಕಿದೆ. 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದಾಗ ನನ್ನಷ್ಟು ಬುದ್ಧಿವಂತ ಊರಲ್ಲಿ ಇಲ್ಲ ಅಂದುಕೊಂಡಿದ್ದೆ. 2015ರಲ್ಲಿ ಟ್ಯಾಪಿಂಗ್ ಸುರು ಮಾಡುವಾಗ ಧಾರಣೆ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ಅದೇ ಹೊತ್ತಿಗೆ ಹುಳವೂ ಬಂತು. "ಹಾಲು ನಿಮಗೆ, ಹುಳ ನನಗಾ?" ಅಂತ ಮನೆಯವಳು ಕೇಳಿದಳು. ನಗೆಚಾಟಿಕೆ ಅಂತ ತಿಳಿದು ನಾನು ನಕ್ಕೆ. ಅವಳು ನಗಲಿಲ್ಲ.

2017ರ ಏಪ್ರಿಲಿನಲ್ಲಿ ನಾನು ಮಾಡಿದ ಕೆಲಸ ಹೇಳುತ್ತೇನೆ. ಗೆದ್ದಲಿಗೆ ಅಂತ ತಂದಿಟ್ಟ ಕ್ಲೋರ್‌ಪೈರಿಫಾಸ್ ಮನೆಯಲ್ಲಿತ್ತು. ತೋಟದ ಸ್ಪ್ರೇಯರನ್ನೇ ಬೆನ್ನಿಗೆ ಹಾಕಿಕೊಂಡು ಅಟ್ಟಕ್ಕೆ ಹತ್ತಿ, ಪಕ್ಕಾಸಿನ ಸಂದು, ಹಂಚಿನ ಅಡಿ ಎಲ್ಲ ಕಡೆ ಹೊಡೆದೆ. ಹುಳ ಸತ್ತದ್ದು ಹೌದು. ಮಳೆ ಸುರಿದ ಹಾಗೆ ಹಲಗೆಯ ಸಂದಿನಿಂದ ಕೆಳಗೆ ಉದುರಿತು. ಎರಡು ದಿನ ಸೊಸೆ ಗುಡಿಸಿದಳು. ಅಟ್ಟದ ಕೆಳಗಿನ ಕೋಣೆಯಲ್ಲಿ ಮಲಗುತ್ತಿದ್ದ ಮೂರು ವರ್ಷದ ಮೊಮ್ಮಗಳಿಗೆ ವಾಂತಿ ಸುರುವಾಯಿತು. ಆಸ್ಪತ್ರೆಯಲ್ಲಿ ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ, "ಮನೆಯೊಳಗೆ ಏನಾದರೂ ಮದ್ದು ಬಿಟ್ಟಿದ್ದೀರಾ?" ನಾನು ತಲೆ ತಗ್ಗಿಸಿದೆ. ಪುಣ್ಯಕ್ಕೆ ಮಗು ಎರಡು ದಿನದಲ್ಲಿ ಚೇತರಿಸಿತು. ಮನೆಗೆ ಬಂದು ನೋಡಿದರೆ, ಇನ್ನೊಂದು ಮಳೆ ಬಂದು ಅದೇ ಅಟ್ಟದಲ್ಲಿ ಮೊದಲಿನಷ್ಟೇ ಹುಳ ಕೂತಿತ್ತು!

ಯಾಕೆ ಹೀಗೆ? ಹುಳದ ಜೀವನ ತಿಳಿದುಕೊಂಡರೆ ಉತ್ತರ ಅಲ್ಲೇ ಇದೆ. ಡಿಸೆಂಬರ್-ಜನವರಿಯಲ್ಲಿ ರಬ್ಬರ್ ಎಲೆ ಉದುರಿಸುತ್ತದೆ. ಆಗ ಈ ಹುಳ ಮನೆ ಬಿಟ್ಟು ಗುಡ್ಡೆಗೆ ಹೋಗುತ್ತದೆ. ಉದುರಿದ ಎಲೆಯೇ ಅದರ ಆಹಾರ, ಅದರ ಅಡಿಯೇ ಬಾಣಂತಿ ಕೋಣೆ. ಅದಕ್ಕೆ ಹೆಚ್ಚು ಇಷ್ಟ ಹಣ್ಣೆಲೆ ಅಲ್ಲ, ಬೂದಿರೋಗ ಬಂದು ಅಕಾಲದಲ್ಲಿ ಬಿದ್ದ ಎಳೆ ಎಲೆ. ಬೇಸಗೆ ಮಳೆ ಬಿದ್ದದ್ದೇ ಹೊಸ ಸಂತಾನ ಸಮೇತ ಒಣ ಜಾಗ ಹುಡುಕಿಕೊಂಡು ಹೊರಡುತ್ತದೆ. ರಾತ್ರಿ ದೀಪ ಕಂಡಲ್ಲಿಗೆ ಬರುತ್ತದೆ. ಮತ್ತೆ ಎಂಟೊಂಬತ್ತು ತಿಂಗಳು ಊಟ ನೀರಿಲ್ಲದ ನಿದ್ದೆ. ಅಂದರೆ ನಮ್ಮ ಮನೆ ಅದಕ್ಕೆ ಬರೀ ಛತ್ರ. ಉತ್ಪಾದನೆ ಆಗುವುದು ನಾನು ನೆಟ್ಟ ರಬ್ಬರಿನ ಅಡಿಯಲ್ಲಿ. ಛತ್ರಕ್ಕೆ ವಿಷ ಹೊಡೆದರೆ ಅಲ್ಲಿ ವಾಸ ಇರುವವರಿಗೇ ತೊಂದರೆ. ನಾಳೆಯ ಬಸ್ಸಿಗೆ ಬರುವವರು ಬಂದೇ ಬರುತ್ತಾರೆ.

ಕಳೆದ ವರ್ಷ ಅಮೆರಿಕದ ಒಹಾಯೋದಲ್ಲಿರುವ ತಂಗಿಯ ಮಗ ಫೋನಿನಲ್ಲಿ ಮಾತಾಡುವಾಗ, "ಮಾವ, ನಮ್ಮ ಮನೆಗೂ ಹುಳ ಬರ್ತದೆ" ಅಂದ. ವಿಚಾರಿಸಿದರೆ ಅದು ಗುಲಗಂಜಿ ಹುಳ! ನಮ್ಮಲ್ಲಿ ಅಲಸಂಡೆ ಬಳ್ಳಿಯ ಕರಿ ಹೇನನ್ನು ತಿಂದು ಉಪಕಾರ ಮಾಡುವ ದುಂಡಗಿನ ಚುಕ್ಕೆ ಹುಳ ಇದೆಯಲ್ಲ, ಅದರ ಒಂದು ಏಷ್ಯಾ ಜಾತಿ. ಬೆಳೆಯ ಹೇನು ತಿನ್ನಲಿ ಅಂತ ಅಲ್ಲಿನ ಸರಕಾರದ ಕೃಷಿ ಇಲಾಖೆಯೇ 1970-80ರ ದಶಕಗಳಲ್ಲಿ ಅದನ್ನು ತರಿಸಿ ಹಲವು ರಾಜ್ಯಗಳಲ್ಲಿ ಬಿಟ್ಟಿತ್ತು. ಹಡಗಿನ ಸರಕಿನ ಜತೆ ತಾನಾಗಿ ಬಂದದ್ದೂ ಇರಬಹುದು ಅನ್ನುತ್ತಾರೆ. ಹೇಗೂ 1988ರ ಹೊತ್ತಿಗೆ ಅದು ಅಲ್ಲಿ ನೆಲೆಯೂರಿತು. ಹೇನು ತಿನ್ನುವ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ಚಳಿ ಸುರುವಾಗುವ ಅಕ್ಟೋಬರಿನಲ್ಲಿ ಬೆಚ್ಚಗಿನ ಜಾಗ ಹುಡುಕಿ ಕಿಟಕಿ ಸಂದಿನಿಂದ ಮನೆಗೆ ನುಗ್ಗುತ್ತದೆ. ಹಿಸುಕಿದರೆ ಹಳದಿ ರಸ, ನಾತ, ಗೋಡೆಗೆ ಕಲೆ.

ಅಲ್ಲಿ ಕೃಷಿ ವಿಶ್ವವಿದ್ಯಾಲಯದವರು ಏನು ಹೇಳುತ್ತಾರೆ ಅಂತ ಕೇಳಿದೆ. ಮನೆಯೊಳಗೆ ವಿಷ ಹೊಡೆಯಬೇಡಿ, ಚಳಿಗೆ ಮೊದಲೇ ಸಂದು ಮುಚ್ಚಿ, ಬಂದದ್ದನ್ನು ಹಿಸುಕದೆ ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆದು ತೆಗೆಯಿರಿ. ಗೋಡೆಯ ಒಳಗೆ ಸತ್ತು ಬಿದ್ದರೆ ಆ ರಾಶಿ ತಿನ್ನಲು ಬೇರೆ ಹುಳ ಬರುತ್ತದೆ. ಇಷ್ಟೇ. ಅಷ್ಟು ಮುಂದುವರಿದ ದೇಶದಲ್ಲಿ ಕೊನೆಗೆ ಹೇಳುವುದು ಗುಡಿಸಿ ತೆಗೆಯಿರಿ ಅಂತಲೇ. ನನಗೆ ನಗೆಯೂ ಬಂತು, ಸಮಾಧಾನವೂ ಆಯಿತು. ಅಲ್ಲೂ ಇಲ್ಲೂ ಕತೆ ಒಂದೇ. ಕೃಷಿಗಾಗಿ ನಾವು ಹೊರಗೆ ಮಾಡಿದ ಒಂದು ಏರ್ಪಾಡಿನ ಬಿಲ್ಲು ಮನೆಯೊಳಗೆ ಬರುತ್ತದೆ. ಅದನ್ನು ಪಾವತಿ ಮಾಡುವವರು ಮಾತ್ರ ಬೇರೆಯವರು.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಮಾಡುತ್ತಿರುವುದು ಇಷ್ಟು. ಮನೆಗೆ ತಾಗಿದ ನಾಲ್ಕು ಸಾಲು ರಬ್ಬರಿನ ತರಗೆಲೆಯನ್ನು ಜನವರಿಯಲ್ಲೇ ಒಟ್ಟು ಮಾಡಿ ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚುತ್ತೇನೆ. ಇಡೀ ಗುಡ್ಡೆಯದನ್ನು ಬಾಚುವುದಿಲ್ಲ, ಮಣ್ಣಿಗೂ ಹೊದಿಕೆ ಬೇಕಲ್ಲ. ಚಿಗುರು ಬರುವಾಗ ಬೂದಿರೋಗಕ್ಕೆ ಗಂಧಕದ ಹುಡಿ ತಪ್ಪಿಸುವುದಿಲ್ಲ. ಅದು ರಬ್ಬರಿಗೂ ಒಳ್ಳೆಯದು, ಹುಳದ ಊಟವೂ ಕಡಿಮೆ. ಅಟ್ಟದಲ್ಲಿದ್ದ ಮಡಲು, ಹಾಳೆಯ ಕಟ್ಟುಗಳನ್ನು ಮಾರ್ಚಿನಲ್ಲೇ ಹೊರಗಿನ ಕೊಟ್ಟಿಗೆಗೆ ಸಾಗಿಸುತ್ತೇನೆ. ಕಿಟಕಿಗೆ ಬಲೆ, ಗೋಡೆ ಮತ್ತು ಮಾಡಿನ ನಡುವಿನ ಸಂದಿಗೆ ಸಿಮೆಂಟು. ಮಳೆ ಬಂದ ಸಂಜೆಗಳಲ್ಲಿ ಜಗಲಿ, ಅಂಗಳದ ಲೈಟು ಬಂದ್. ರಬ್ಬರಿನ ಬದಿಯಲ್ಲಿ ಒಂದು ಬಲ್ಬು, ಅದರ ಅಡಿಗೆ ಸಾಬೂನು ನೀರಿನ ಅಗಲ ಪಾತ್ರೆ. ಬೆಳಿಗ್ಗೆ ನೋಡಿದರೆ ಪಾತ್ರೆ ಕಪ್ಪು! ಇಷ್ಟಾದರೂ ಒಳಗೆ ಬಂದದ್ದು ಮುದ್ದೆಯಾಗಿ ಕೂತಿರುತ್ತದೆ. ಮೂಗಿಗೆ ಬಟ್ಟೆ, ಕೈಗೆ ಗ್ಲೌಸು ಹಾಕಿ ಹಿಡಿಸೂಡಿಯಿಂದ ಸಾಬೂನು ನೀರಿನ ಬಕೇಟಿಗೆ ಇಳಿಸುವುದು. ಮಲಗುವವರಿಗೆ ಸೊಳ್ಳೆಪರದೆ, ಕಿವಿಗೆ ಹತ್ತಿ. ಗುಡಿಸುವುದು ಈಗ ನನ್ನ ಕೆಲಸ, ಸೊಸೆಯದ್ದಲ್ಲ.

ಹುಳ ಪೂರಾ ಹೋಯಿತಾ? ಇಲ್ಲ. ಕಡಿಮೆಯಾಗಿದೆ, ಮನೆಯಲ್ಲಿ ಮಲಗಬಹುದು ಅನ್ನುವಷ್ಟು. ನನ್ನೊಬ್ಬನಿಂದ ಇದಕ್ಕಿಂತ ಹೆಚ್ಚು ಆಗದು, ಆಚೆ ಗುಡ್ಡೆಯೂ ರಬ್ಬರೇ.

ಇನ್ನು ಹೇಳಲೇಬೇಕಾದ ಮಾತು. ನನ್ನ ಕೆಳಗಿನ ಮನೆಯ ಗೌಡ್ರಿಗೆ ಒಂದು ರಬ್ಬರ್ ಮರವೂ ಇಲ್ಲ. ಹುಳ ಅವರಲ್ಲಿಗೂ ಹೋಗುತ್ತದೆ. ಒಂದು ದಿನ ಅವರು, "ಅಣ್ಣಾ, ಶೀಟು ಮಾರುವಾಗ ನೀವು ನಮ್ಮನ್ನು ಕರೆಯುವುದಿಲ್ಲ" ಅಂದರು. ಅದರ ಮೇಲೆ ಮಾತಿಲ್ಲ. ಈಗ ಪ್ರತಿ ಮಾರ್ಚಿನಲ್ಲಿ ಅವರ ಮನೆಯ ಸಂದು ಮುಚ್ಚಲಿಕ್ಕೆ ನನ್ನ ಖರ್ಚಿನಲ್ಲಿ ಎರಡಾಳು ಕಳಿಸುತ್ತೇನೆ. ರಬ್ಬರಿನ ಖರ್ಚಿನ ಪುಸ್ತಕದಲ್ಲಿ ಗೊಬ್ಬರ, ಟ್ಯಾಪಿಂಗ್ ಮಜೂರಿ ಬರೆಯುವ ನಾವು ಹುಳದ ಖರ್ಚನ್ನೂ ಬರೆಯಬೇಡವೇ?

ಕಾಸರಗೋಡಿನ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕತೆ ನಮ್ಮ ನೆರೆಕರೆಯದೇ. 2000ದವರೆಗೆ ಸಿಂಪಡಣೆ ನಡೆಯಿತು, ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸುವಾಗ 2011 ಆಗಿತ್ತು. ಆಕಾಶದಿಂದ ಬಿದ್ದ ವಿಷದ ವಿರುದ್ಧ ಮಾತಾಡಿದ ಊರಿನವರು ನಾವು, ನಮ್ಮ ಮಕ್ಕಳ ತಲೆಯ ಮೇಲಿನ ಅಟ್ಟಕ್ಕೆ ನಾವೇ ವಿಷ ಹೊಡೆಯುವುದು ಯಾವ ನ್ಯಾಯ? ತೋಟದ ಮದ್ದು ಹೊಸಿಲು ದಾಟಬಾರದು.

ಈ ಏಪ್ರಿಲಿನಲ್ಲಿ ಒಂದು ಗುಡ್ಡೆಯ ನಾಲ್ಕೈದು ರಬ್ಬರಿನವರಾದರೂ ಒಟ್ಟಿಗೆ ದೀಪದ ಪಾತ್ರೆ ಇಟ್ಟು ನೋಡಿ. ನಿಮ್ಮಲ್ಲಿ ಬೇರೆ ಉಪಾಯ ಫಲಿಸಿದ್ದರೆ ಪತ್ರಿಕೆಗೆ ಬರೆಯಿರಿ. ಬರೆಯುವ ಮೊದಲು ನಿಮ್ಮ ಮನೆಯಲ್ಲಿ ಹಿಡಿಸೂಡಿ ಹಿಡಿಯುವವರನ್ನು ಒಮ್ಮೆ ಕೇಳಿ. ಅವರ ಉತ್ತರವನ್ನೇ ಬರೆಯಿರಿ.