ಫ್ರೇಮ್ ಗೋಡೆಗೆ, ತಾಯಿ ಕಾರ್ಡ್ ಬೂಷ್ಟಿಗೆ!

ಪುತ್ತೂರು, ಸುಳ್ಯ, ಕಡಬದಲ್ಲೂ ಈಗ ಮಗುವಿನ ಮೊದಲ ಬರ್ತ್‌ಡೇ ಎಂದರೆ ಫೋಟೋಶೂಟ್, ಪಾದದಚ್ಚಿನ ಫ್ರೇಮ್. ಬೇಡ ಎನ್ನುವುದಿಲ್ಲ. ಆದರೆ ತಾಯಿ ಕಾರ್ಡ್ ಎಲ್ಲಿದೆ? ಕ್ಯಾಲೆಂಡರಿನ ಹಿಂದೆ, ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯುತ್ತಿದೆ!

ಹುಟ್ಟಿದಾಗಿನ ತೂಕ, ಬಿಸಿಜಿ, 6, 10, 14ನೇ ವಾರದ ಪೆಂಟಾವಲೆಂಟ್, 9 ತಿಂಗಳು ತುಂಬಿದಾಗಿನ ದಡಾರ-ರುಬೆಲ್ಲಾ... ಮೊದಲ ವರ್ಷದ ನಿಜವಾದ ಚರಿತ್ರೆ ಇರುವುದು ಅದರಲ್ಲೇ. ಅಕ್ಷರ ಮಾಸಿದರೆ, ಯಾವ ಲಸಿಕೆ ಬಾಕಿ ಎಂದು ನಾಳೆ ಬೇರೆ ಊರಿನ ನರ್ಸಮ್ಮನಿಗೆ ಹೇಳುವವರು ಯಾರು? ಫ್ರೇಮ್ ಹೇಳುತ್ತದೆಯೇ?

ಲ್ಯಾಮಿನೇಷನ್ ಮಾಡಿಸಬೇಡಿ, ಮುಂದಿನ ಲಸಿಕೆ ಬರೆಯಲಾಗದು. ಪ್ಲಾಸ್ಟಿಕ್ ಫೈಲಿನಲ್ಲಿಡಿ, ಒಂದು ಜೆರಾಕ್ಸ್ ತೆಗೆದಿಡಿ. ಕಾರ್ಡ್ ಕೊಡುವಾಗಲೇ ನೀರು ತಾಗದ ಕವರ್ ಕೊಡುವುದು ಆರೋಗ್ಯ ಇಲಾಖೆಯ ಕರ್ತವ್ಯ. ನಮ್ಮ ಮಳೆ ಬೆಂಗಳೂರಿನ ಕಚೇರಿಗೆ ಗೊತ್ತಿಲ್ಲವಾದರೆ ಜುಲೈಯಲ್ಲಿ ಸುಳ್ಯಕ್ಕೆ ಬಂದು ನೋಡಲಿ.