ಕ್ಷುರವೂ ಕ್ಷುರಾಭಾಸವೂ

ತರ್ಕಶಾಸ್ತ್ರದಲ್ಲಿ ಹೇತುವಿನಂತೆ ತೋರಿ ವಸ್ತುತಃ ಹೇತುವಲ್ಲದುದನ್ನು ಹೇತ್ವಾಭಾಸವೆಂದು ಕರೆಯುವರು. ಈಚೆಗೆ ಕ್ಷೌರದ ಕತ್ತಿಯೆಂಬ ಹೆಸರಿನಿಂದ ವಿಕ್ರಯವಾಗುತ್ತಿರುವ ಪದಾರ್ಥಗಳಲ್ಲಿ ಅನೇಕವನ್ನು ಕ್ಷುರಾಭಾಸವೆಂದು ಕರೆದರೆ ಶಾಸ್ತ್ರಕ್ಕೇನೂ ಅಪಚಾರವಾಗದು. ಹಿಡಿಯುಂಟು, ಅಲಗುಂಟು, ಅಲಗಿನ ಮೇಲೆ ಹೊಂಬಣ್ಣದ ಚಿತ್ತಾರವೂ ಉಂಟು. ಕೂದಲನ್ನು ಕತ್ತರಿಸುವ ಗುಣವೊಂದು ಮಾತ್ರ ಇಲ್ಲ. ಕೊಂಡವನು ದೂರಿದರೆ, ಮಾರಿದವನಿಂದಲೂ ಅವನ ಪಕ್ಷವನ್ನು ಹಿಡಿಯುವ ರಸಿಕರಿಂದಲೂ ದೊರೆಯುವ ಉತ್ತರ ಒಂದೇ: "ಕತ್ತಿಯಲ್ಲಿ ದೋಷವಿಲ್ಲ ಸ್ವಾಮೀ, ತಮಗೆ ಮಸೆಯಲು ಬಾರದು." ಈ ಉತ್ತರವನ್ನು ಕೇಳಿ ಎಷ್ಟೋ ಮಂದಿ ಸುಶಿಕ್ಷಿತರು ತಲೆತಗ್ಗಿಸಿ ಸುಮ್ಮನಾಗಿರುವರು. ಸುಮ್ಮನಾಗಬೇಕಾದ ಕಾರಣವೇನೂ ಇಲ್ಲ.

ವಂಚನೆಯೇನೋ ಹಳೆಯದು. 18ನೆಯ ಶತಮಾನದಲ್ಲಿ ಪೀಟರ್ ಪಿಂಡರ್ ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದ ಇಂಗ್ಲೆಂಡಿನ ವಿಡಂಬನಕವಿ ಜಾನ್ ವಾಲ್ಕಾಟನು ಬೀದಿಯಲ್ಲಿ ಕತ್ತಿ ಮಾರುವವನೊಬ್ಬನ ಕಥೆಯನ್ನು ಪದ್ಯವಾಗಿ ಬರೆದಿದ್ದಾನೆ. ಹದಿನೆಂಟು ಪೆನ್ನಿಗೆ ಒಂದು ಡಜನು ಕತ್ತಿಗಳನ್ನು ಕೊಂಡ ಹಳ್ಳಿಗನೊಬ್ಬನು ಮುಖವನ್ನೆಲ್ಲ ಕೆರೆದುಕೊಂಡು ಜಗಳಕ್ಕೆ ಬಂದಾಗ, ಅವು ಕ್ಷೌರಕ್ಕಾಗಿ ಮಾಡಿದವಲ್ಲ, ಮಾರುವುದಕ್ಕಾಗಿ ಮಾಡಿದವು ಎಂದು ಆ ವರ್ತಕನು ತಣ್ಣಗೆ ಒಪ್ಪಿಕೊಳ್ಳುವನು. ಅವನು ಠಕ್ಕನಾದರೂ ಸತ್ಯವಂತ. ಇಂದಿನವನಿಗೆ ಆ ಸತ್ಯವೂ ಬೇಡವಾಗಿದೆ; ತನ್ನ ಸರಕಿನ ಕೊರತೆಯನ್ನು ಕೊಂಡವನ ಕೈಗೇ ಅಂಟಿಸುವನು.

ಮಸೆಯುವ ಕೆಲಸದ ಸ್ವರೂಪವನ್ನು ಕೊಂಚ ಪರಿಶೀಲಿಸಿದರೆ ಈ ವಾದವು ಕುಸಿಯುವುದು. ಅಡಿಗೆಮನೆಯ ಚಾಕುವನ್ನು ಮಸೆಯುವವನು ಅಲಗನ್ನು ಕಲ್ಲಿನ ಮೇಲೆ ಎಷ್ಟು ಓರೆಯಾಗಿ ಹಿಡಿಯಬೇಕೆಂಬುದನ್ನು ತಾನೇ ನಿಶ್ಚಯಿಸುವನು. ಅಲ್ಲಿ ಕೋನವು ಕೈಯ ಅಧೀನ. ಕ್ಷೌರದ ಕತ್ತಿಯಲ್ಲಿ ಹಾಗಲ್ಲ. ಬೆನ್ನೂ ಬಾಯಿಯೂ ಏಕಕಾಲದಲ್ಲಿ ಕಲ್ಲಿಗೆ ತಗುಲುವಂತೆ ಅದನ್ನು ಮಲಗಿಸಿ, ಬಾಯಿಯನ್ನು ಮುಂದುಮಾಡಿ ತಳ್ಳಬೇಕು. ಕಲ್ಲಿನ ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ ಹಿಂದಕ್ಕೆ ಎಳೆಯಬೇಕು. ಕೋನವನ್ನು ಕಾಯುವುದು ಬೆನ್ನು. ಅಲಗಿನ ಅಗಲ 16 ಮಿಲಿಮೀಟರೂ ಬೆನ್ನಿನ ದಪ್ಪ ನಾಲ್ಕೂವರೆ ಮಿಲಿಮೀಟರೂ ಇದ್ದಲ್ಲಿ ಬಾಯಿಯ ಕೋನವು ಸುಮಾರು 16 ಡಿಗ್ರಿಯಾಗುವುದು. ಬೆನ್ನಿಗೆ ಪಟ್ಟಿಯನ್ನು ಅಂಟಿಸಿ ಅದನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬಹುದೆನ್ನುವರು. ನಿಜ, ಆದರೆ ಬೆನ್ನು ಸೊಟ್ಟಗಿದ್ದರೆ ಪಟ್ಟಿಯೂ ಸೊಟ್ಟಗೆ ಕೂರುವುದು. ಹೀಗೆ ಕೋನವನ್ನು ವಿಧಿಸಿದವನು ಮಸೆಯುವವನಲ್ಲ, ಕಾರ್ಖಾನೆಯಲ್ಲಿ ಸಾಣೆಚಕ್ರದ ಮುಂದೆ ಕುಳಿತಿದ್ದವನು. ಕ್ರಿಯೆಯ ಸಿದ್ಧಿಗೆ ಅತ್ಯಂತ ಸಾಧಕವಾದುದನ್ನು ವೈಯಾಕರಣರು ಕರಣವೆನ್ನುವರು. ಕರಣವೇ ಕೆಟ್ಟಿರುವಾಗ ಕರ್ತೃವನ್ನು ದೂಷಿಸುವುದು ಯಾವ ವ್ಯಾಕರಣ?

ದೋಷವು ಹುಟ್ಟುವ ಬಗೆಯೂ ಗುಪ್ತವಾದುದಲ್ಲ. ಉಕ್ಕಿನ ಅಲಗನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ತಟ್ಟನೆ ಅದ್ದುವರು. ತೆಳುವಾದ ಅಲಗು ಬೇಗನೆಯೂ ದಪ್ಪವಾದ ಬೆನ್ನು ನಿಧಾನವಾಗಿಯೂ ತಣಿಯುವುದರಿಂದ ಕತ್ತಿಯು ಬಾಗುವ ಸಂಭವವುಂಟು. ಬಲ್ಲ ಕಸಬುದಾರನು ಅದನ್ನು ನೆಟ್ಟಗೆ ಮಾಡುವನು, ಆಗದಿದ್ದರೆ ಮೂಲೆಗೆ ಎಸೆಯುವನು. ಲೆಕ್ಕದ ಮೇಲೆ ಮಾತ್ರ ಕಣ್ಣಿಟ್ಟವನು ಅದಕ್ಕೇ ಮೆರುಗು ಕೊಟ್ಟು ಪೆಟ್ಟಿಗೆಯಲ್ಲಿಡುವನು. ಇಂಥ ಕತ್ತಿಯನ್ನು ಸಮತಲವಾದ ಕಲ್ಲಿನ ಮೇಲಿಟ್ಟರೆ ಒಂದು ಮಗ್ಗುಲಲ್ಲಿ ಬುಡವೂ ತುದಿಯೂ ಮಾತ್ರ ತಗುಲುವುವು, ಮತ್ತೊಂದು ಮಗ್ಗುಲಲ್ಲಿ ನಡು ಮಾತ್ರ. ಹೊಸಬನು ಪಾಪ, 1000 ಅಂಕದ ಒರಟು ಕಲ್ಲಿನ ಮೇಲೆ ದಿನಗಟ್ಟಲೆ ಉಜ್ಜುವನು. ಬಾಯಿ ಕೂಡುವಷ್ಟರಲ್ಲಿ ಬೆನ್ನು ಅಲ್ಲಲ್ಲಿ ಸವೆದು ಚಪ್ಪಟೆಯಾಗುವುದು. ಬೆನ್ನು ಸವೆದರೆ ಕೋನ ಕೆಡುವುದು. ಆಮೇಲೆ 4000, 8000 ಅಂಕದ ನುಣುಪು ಕಲ್ಲುಗಳೂ ಚರ್ಮದ ಪಟ್ಟಿಯೂ ಏನು ಮಾಡಿಯಾವು?

ಇನ್ನು ಉಕ್ಕಿನ ವಿಚಾರ. ಕ್ಷೌರದ ಕತ್ತಿಗೆ ಸಾಮಾನ್ಯವಾಗಿ ಶೇಕಡಾ ಒಂದರಷ್ಟೋ ಇನ್ನೂ ಸ್ವಲ್ಪ ಹೆಚ್ಚೋ ಇಂಗಾಲವಿರುವ ಉಕ್ಕನ್ನು ಆಯ್ದುಕೊಳ್ಳುವರು. ಇಂಗಾಲ ಕಡಿಮೆಯಾದ ಅಗ್ಗದ ಸ್ಟೇನ್‌ಲೆಸ್ ತಗಡಿಗೆ ಆ ಕಾಠಿಣ್ಯವು ಬಾರದು. ಒಳ್ಳೆಯ ಉಕ್ಕನ್ನೇ ತಂದರೂ, ಸಾಣೆಚಕ್ರದ ಮೇಲೆ ಅವಸರದಿಂದ ಹಿಡಿದಾಗ ತೆಳುವಾದ ಬಾಯಿ ಕಾದು ನೀಲಿಗಟ್ಟಿತೆಂದರೆ ಹದ ಹಾರಿಹೋಯಿತು. ಆ ನೀಲಿಯನ್ನು ಮೆರುಗಿನಲ್ಲಿ ಅಳಿಸಬಹುದು, ಹೋದ ಹದವನ್ನು ಮರಳಿ ತರಲಾಗದು. ಹಳೆಯ ಕತ್ತಿಗಳನ್ನು ಯಂತ್ರದಿಂದ ಕನ್ನಡಿಯಂತೆ ಉಜ್ಜಿ ಮಾರುವವರ ಸರಕಿನಲ್ಲಿಯೂ ಇದೇ ಅಪಾಯವಿದೆ. ಕೊಳ್ಳುವವರಲ್ಲಿ ಅನೇಕರು ಹೊಳಪಿಗೇ ಮರುಳಾಗುವರೆಂಬುದನ್ನೂ ಒಪ್ಪಬೇಕು.

"ನಿಪುಣರು ಬಾಗಿದ ಕತ್ತಿಯನ್ನೂ ಕಿರಿದಾದ ಕಲ್ಲಿನ ಮೇಲೆ ಹೊರಳಿಸಿ ಮಸೆದು ಕೆಲಸಕ್ಕೆ ತರುವುದಿಲ್ಲವೇ?" ಎಂದು ಆಕ್ಷೇಪಿಸುವರು. ತರುವರು. ವೈದ್ಯನು ರೋಗವನ್ನು ಗುಣಪಡಿಸಿದನೆಂದರೆ ರೋಗವೇ ಇರಲಿಲ್ಲವೆಂದು ಅರ್ಥವೇ? ಈ ಪಕ್ಷದವರ ವಾದಸರಣಿಯನ್ನು ನೋಡಿ: ಕತ್ತಿ ಏಕೆ ಕತ್ತರಿಸದು? ಸರಿಯಾಗಿ ಮಸೆಯದಿರುವುದರಿಂದ. ಸರಿಯಾಗಿ ಮಸೆದಿಲ್ಲವೆಂದು ಹೇಗೆ ತಿಳಿಯಿತು? ಕತ್ತರಿಸದಿರುವುದರಿಂದ. ಇದು ಅಪ್ಪಟ ಅನ್ಯೋನ್ಯಾಶ್ರಯ ದೋಷ. ತರ್ಕಸಂಗ್ರಹವನ್ನು ಓದಲು ಕುಳಿತ ಬಾಲಕನೂ ಇದನ್ನು ಹಿಡಿದು ನಿಲ್ಲಿಸುವನು; ಆದರೆ ಇಂಗ್ಲಿಷ್ ಬಲ್ಲ ಗೃಹಸ್ಥರು ಇದನ್ನು ಅನುಭವವಾಣಿಯೆಂದು ಸ್ವೀಕರಿಸುತ್ತಿರುವರು.

ಊರಿನ ಹೆಸರನ್ನು ನಂಬಿ ಕೊಳ್ಳುವವರಿಗೂ ಒಂದು ಮಾತು. ಇಂಗ್ಲೆಂಡಿನ ಷೆಫೀಲ್ಡು, ಜರ್ಮನಿಯ ಜೋಲಿಂಗೆನ್ ಇವೆರಡೂ ಕತ್ತಿಗಳಿಗೆ ಲೋಕಪ್ರಸಿದ್ಧವಾದ ಊರುಗಳು. ಜರ್ಮನಿಯ ಸರಕು ಷೆಫೀಲ್ಡಿನ ಹೆಸರನ್ನು ಹೊತ್ತು ಬರುತ್ತಿದೆಯೆಂಬ ಕೂಗೆದ್ದಾಗ 1887ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸರಕಿನ ಗುರುತುಗಳ ಕಾಯಿದೆಯನ್ನು ಮಾಡಿತು. ಜರ್ಮನಿಯಲ್ಲಿ ತಯಾರಾದುದು ಎಂಬ ಬರಹವು ಆಗ ಕಳಂಕದ ಮುದ್ರೆ. ಕೆಲವು ದಶಕಗಳಲ್ಲಿ ಅದೇ ಬರಹವು ಬಿರುದಾಯಿತು. ಜೋಲಿಂಗೆನ್ನಿನ ಹೆಸರಿಗೆ 1938ರಲ್ಲಿ ಕಾಯಿದೆಯ ರಕ್ಷಣೆ ದೊರೆಯಿತು. 1994ರ ನಿಯಮದಲ್ಲಿ ಮುಖ್ಯ ಕೆಲಸಗಳೆಲ್ಲವೂ ಆ ಪ್ರದೇಶದಲ್ಲಿಯೇ ನಡೆಯತಕ್ಕದ್ದೆಂಬುದರ ಜೊತೆಗೆ, ವಸ್ತುವು ತನ್ನ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಮಾತೂ ಇದೆ. ಬರಿಯ ಊರಿನ ಹೆಸರು ಸಾಲದೆಂಬುದನ್ನು ಆ ಊರಿನವರೇ ಬರೆದುಕೊಂಡಂತಾಯಿತು. ಅಷ್ಟಾದರೂ ಆ ನಿಯಮವು ಪ್ರತಿಯೊಂದು ಕತ್ತಿಯನ್ನೂ ಕಲ್ಲಿನ ಮೇಲಿಟ್ಟು ನೋಡಲಾರದು. ನೋಡಬೇಕಾದುದು ಕಣ್ಣುಳ್ಳ ಮನುಷ್ಯನು.

ನಮ್ಮ ನಾಡಿನಲ್ಲಿ ಆ ಕಣ್ಣುಳ್ಳವನು ಹಡಪವನ್ನು ಹಿಡಿದು ಮನೆಬಾಗಿಲಿಗೆ ಬರುತ್ತಿದ್ದ ಕ್ಷೌರಿಕನು. ಉಗುರಿನ ಮೇಲೆ ಅಲಗನ್ನು ಮೆಲ್ಲನೆ ಎಳೆದು, ಬಾಯಿ ಎಲ್ಲಿ ಮುಕ್ಕಾಗಿದೆಯೆಂಬುದನ್ನು ಅವನು ಹೇಳಬಲ್ಲವನಾಗಿದ್ದನು. ಮನೆಯ ಯಜಮಾನನು ಆ ವಿದ್ಯೆಯನ್ನು ವಿದ್ಯೆಯೆಂದು ಎಣಿಸಲಿಲ್ಲ, ಮಕ್ಕಳಿಗೆ ಕೇಳಿ ತಿಳಿಯಿರೆಂದು ಹೇಳಲೂ ಇಲ್ಲ. 1986ರಲ್ಲಿ ಮದರಾಸಿನಲ್ಲಿ ಎಚ್‌ಐವಿ ಸೋಂಕು ಪತ್ತೆಯಾದ ತರುವಾಯ, ಒಬ್ಬೊಬ್ಬರಿಗೂ ಹೊಸ ಬ್ಲೇಡು ತೊಡಿಸುವ ಕತ್ತಿಯು ಅಂಗಡಿಗಳಲ್ಲಿ ಕ್ರಮೇಣ ರೂಢಿಗೆ ಬಂದಿತು. ಆರೋಗ್ಯದೃಷ್ಟಿಯಿಂದ ಅದು ಆಗಬೇಕಾದುದೇ, ಅದಕ್ಕಾಗಿ ಮರುಗತಕ್ಕದ್ದೇನೂ ಇಲ್ಲ. ಆದರೆ ಮಸೆಗಲ್ಲು ಮೂಲೆ ಸೇರಿತು, ಬಲ್ಲವರು ವೃದ್ಧರಾದರು. ಆ ಮೊಮ್ಮಕ್ಕಳೇ ಇಂದು ಚಿತ್ರವನ್ನು ನೋಡಿ ದೂರದಿಂದ ಕತ್ತಿಗಳನ್ನು ತರಿಸಿ, ಗಲ್ಲವನ್ನು ಕೊಯ್ದುಕೊಂಡು, ಮಾರಿದವನ ಬುದ್ಧಿವಾದವನ್ನೂ ಕೇಳಿಕೊಳ್ಳುತ್ತಿರುವರು.

ವರ್ತಕನಿಂದ ಕೇಳತಕ್ಕದ್ದು ಹೆಚ್ಚೇನೂ ಅಲ್ಲ. ಕ್ಷೌರಕ್ಕೆ ಸಿದ್ಧವಾದ ಬಾಯಿಯಿದ್ದರೆ ಹಾಗೆಂದು ಬರೆಯಲಿ. ಇಲ್ಲದಿದ್ದರೆ ಮಸೆದಿಲ್ಲವೆಂದು ಬರೆದು, ಮಸೆಯುವ ಕೂಲಿಯನ್ನು ಬೆಲೆಯಲ್ಲಿ ಇಳಿಸಲಿ. ಬಾಗಿದುದನ್ನು ಮಾತ್ರ ಯಾವ ಬೆಲೆಗೂ ಕ್ಷೌರದ ಕತ್ತಿಯೆಂದು ಮಾರಕೂಡದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಸ್ತುವಿನ ಗುಣದಲ್ಲಿರುವ ಕೊರತೆಯನ್ನು ದೋಷವೆಂದೇ ಎಣಿಸುತ್ತದೆ. ಕೊಂಡವನು ಪೆಟ್ಟಿಗೆಯನ್ನು ಬಿಚ್ಚಿದ ಕೂಡಲೆ ಕತ್ತಿಯನ್ನು ದಪ್ಪನಾದ ಗಾಜಿನ ಹಲಗೆಯ ಮೇಲೆ ಎರಡು ಮಗ್ಗುಲಾಗಿಯೂ ಮಲಗಿಸಿ, ಬೆನ್ನನ್ನು ಬೆರಳಿನಿಂದ ಮೆಲ್ಲನೆ ಒತ್ತಿ ನೋಡಲಿ. ತೊಟ್ಟಿಲಿನಂತೆ ತೂಗಿತೆಂದರೆ ಕಲ್ಲಿಗೆ ಸೋಕಿಸದೆ ಅಂದೇ ಹಿಂದಕ್ಕೆ ಕಳುಹಿಸಲಿ. ಒಮ್ಮೆ ಮಸೆದ ಗೀರು ಬಿದ್ದಿತೋ, ಕೆಡಿಸಿದವರು ತಾವೇ ಎಂಬ ಮಾತು ಅಲ್ಲಿ ಸಿದ್ಧವಾಗಿರುವುದು.